ಬೆರ್ನಾರ್ದಾ ಆಲ್ಬಾಳ ಮನೆಗೆ ಕಾನ್ಸೆಪ್ಟ್ ಹುಡುಕುವ ಮೊದಲು ಕಿವಿಗೊಡಿ

ಪ್ರಶ್ನೆ: ನಮ್ಮದು ಚಿಕ್ಕ ಹವ್ಯಾಸಿ ತಂಡ. ಸ್ಪೇನಿನ ಲೋರ್ಕಾ ಬರೆದ ‘ಬೆರ್ನಾರ್ದಾ ಆಲ್ಬಾಳ ಮನೆ’ ದುರಂತ ನಾಟಕವನ್ನು ಕನ್ನಡದಲ್ಲಿ ನಿರ್ದೇಶಿಸಬೇಕು ಎಂದುಕೊಂಡಿದ್ದೇನೆ. ಹನ್ನೊಂದು ಹೆಣ್ಣುಮಕ್ಕಳು ಸಿಕ್ಕಿದ್ದಾರೆ. ಆದರೆ ಎಲ್ಲರೂ ‘ನಿಮ್ಮ ಕಾನ್ಸೆಪ್ಟ್ ಏನು’ ಎಂದೇ ಕೇಳುತ್ತಾರೆ. ಇವತ್ತಿನ ಕಾಲಕ್ಕೆ ತಂದು ಮೊಬೈಲು, ಸಿಸಿಟಿವಿ ಇಡಲಾ? ನಮ್ಮ ಹಳ್ಳಿಗೆ ತರಲಾ? ಸ್ಪೇನಿನಲ್ಲೇ ಬಿಡಲಾ? ಇಷ್ಟು ಸಲ ಆಡಿರುವ ನಾಟಕಕ್ಕೆ ನಿರ್ದೇಶಕಿಯೊಬ್ಬಳು ಹೊಸದಾಗಿ ಏನು ಕೊಡಬಹುದು?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ನನ್ನ ಮಟ್ಟಿಗೆ ಇದು ಇಪ್ಪತ್ತನೇ ಶತಮಾನದ ಅತಿ ಗಟ್ಟಿ ನಾಟಕಗಳಲ್ಲಿ ಒಂದು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಓದದೇ ಇರುವವರಿಗಾಗಿ ಕತೆ ಇಷ್ಟು. ದಕ್ಷಿಣ ಸ್ಪೇನಿನ ಆಂದಲೂಸಿಯಾದ ಒಂದು ಹಳ್ಳಿ. ಬೆರ್ನಾರ್ದಾಳಿಗೆ ಅರವತ್ತು ವರ್ಷ. ಎರಡನೇ ಗಂಡ ಈಗಷ್ಟೇ ಸತ್ತಿದ್ದಾನೆ. ಎಂಟು ವರ್ಷ ಸೂತಕ, ಬೀದಿಯ ಗಾಳಿ ಕೂಡ ಒಳಗೆ ಬರಬಾರದು ಎಂದು ಅವಳು ಅಪ್ಪಣೆ ಕೊಡುತ್ತಾಳೆ. ಮನೆಯಲ್ಲಿ ಐದು ಹೆಣ್ಣುಮಕ್ಕಳು. ಹಿರಿಯವಳು ಅಂಗುಸ್ತಿಯಾಸ್‌ಗೆ 39, ಕಿರಿಯವಳು ಅದೆಲಾಗೆ 20. ಹಿರಿಯವಳಿಗೆ ಮೊದಲ ಗಂಡನ ಕಡೆಯ ಆಸ್ತಿ ಇದೆ. ಅದಕ್ಕೇ ಪೆಪೆ ಎಲ್ ರೊಮಾನೊ ಎಂಬ 25ರ ಯುವಕ ಅವಳನ್ನು ಮದುವೆಯಾಗಲು ಬರುತ್ತಾನೆ, ರಾತ್ರಿ ಸೇರುವುದು ಮಾತ್ರ ಕಿರಿಯವಳನ್ನು. ಇನ್ನೊಬ್ಬ ತಂಗಿ ಮಾರ್ತೀರಿಯೊಗೂ ಅವನ ಮೇಲೇ ಮನಸ್ಸು. ಕೊನೆಗೆ ಅದೆಲಾ ನೇಣು ಹಾಕಿಕೊಳ್ಳುತ್ತಾಳೆ. ಪೆಪೆ ಒಂದು ಸಲವೂ ರಂಗದ ಮೇಲೆ ಬರುವುದಿಲ್ಲ. ಇಡೀ ನಾಟಕದಲ್ಲಿ ಕಣ್ಣಿಗೆ ಕಾಣುವ ಗಂಡಸು ಒಬ್ಬನೂ ಇಲ್ಲ.

ಈಗ ನಿಮ್ಮ ‘ಕಾನ್ಸೆಪ್ಟ್’ ವಿಷಯಕ್ಕೆ ಬರೋಣ. ಕಾನ್ಸೆಪ್ಟನ್ನು ಹೊರಗಿನಿಂದ ತರಬೇಡಿ. ನಾಟಕವನ್ನು ಒಂದು ಸಲ ಕಣ್ಣು ಮುಚ್ಚಿ, ಬೇರೆ ಯಾರಾದರೂ ಓದುವಾಗ ಕೇಳಿ. ರಂಗಸೂಚನೆಗಳನ್ನೂ ಓದಿಸಿ. ಬಂದ ಸದ್ದುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಕೊನೆಗೆ ಹಾಳೆ ನೋಡಿದರೆ ನಿಮ್ಮ ನಾಟಕ ಅಲ್ಲೇ ಇರುತ್ತದೆ.

ಶುರುವಾಗುವುದೇ ಚರ್ಚಿನ ಸಾವಿನ ಗಂಟೆಯಿಂದ. ಕೆಲಸದವಳ ಮೊದಲ ಮಾತು ಏನು ಗೊತ್ತಾ? ಆ ಗಂಟೆ ಸದ್ದು ತನ್ನ ಕಪಾಲದೊಳಗೇ ಕೂತುಬಿಟ್ಟಿದೆ ಎನ್ನುತ್ತಾಳೆ. ಬೆರ್ನಾರ್ದಾ ಒಳಗೆ ಬಂದು ಆಡುವ ಮೊದಲ ಮಾತು ‘ಸುಮ್ಮನಿರಿ!’. ನಾಟಕದ ಕೊನೆಯ ಮಾತೂ ಅದೇ. ಈ ಎರಡು ‘ಸುಮ್ಮನಿರಿ’ಗಳ ನಡುವೆ ಮುಖ್ಯವಾದದ್ದೆಲ್ಲ ಗೋಡೆಯ ಆಚೆಯಿಂದ ಕೇಳಿಸುತ್ತದೆ. ಕೂಡಿ ಹಾಕಿದ ಎಂಬತ್ತರ ಅಜ್ಜಿಯ ಕೂಗು, ಕೊಯ್ಲಿನವರ ಹಾಡು, ಬೀಜದ ಕುದುರೆಯ ಒದೆತ, ನಾಯಿ, ಸಿಳ್ಳೆ, ಕೋವಿಯ ಗುಂಡು, ಕೊನೆಗೆ ಧಪ್ ಅನ್ನುವ ಒಂದು ಸದ್ದು. ಗುಟ್ಟು ರಟ್ಟಾಗುವುದೂ ಕಿವಿಯಿಂದಲೇ. ಪೆಪೆ ಕಿಟಕಿಯ ಬಳಿ ಮಾತಾಡಿ ಹೊರಟ ಹೊತ್ತು ಯಾವುದು ಎಂದು ಅಂಗುಸ್ತಿಯಾಸ್ ಒಂದು ಹೇಳುತ್ತಾಳೆ. ಅವನು ಹೋಗಿದ್ದು ನಾಲ್ಕರ ಸುಮಾರಿಗೆ, ನಾನೇ ಕೇಳಿಸಿಕೊಂಡೆ ಎಂದು ಮನೆಗೆಲಸದ ಪೊನ್ಸಿಯಾ ಹೇಳುತ್ತಾಳೆ. ನಡುವಿನ ಹೊತ್ತು ಅವನು ಎಲ್ಲಿದ್ದ? ಅಲ್ಲಿಂದ ಮನೆಯಲ್ಲಿ ಬಿರುಕು ಬಿಡುತ್ತದೆ.

ಅಂದರೆ ಇದು ನೋಡುವವರ ಮನೆಯಲ್ಲ, ಕದ್ದು ಕೇಳುವವರ ಮನೆ. ಸಿಸಿಟಿವಿ ಬೇಡ ಎಂದು ನಾನು ಹೇಳುವುದು ಅದಕ್ಕೆ. ಕ್ಯಾಮೆರಾ ಕಣ್ಣಿನ ಯಂತ್ರ. ಈ ನಾಟಕದಲ್ಲಿ ಕಾವಲಿಗೆ ಇರುವುದು ಕಿವಿ. ಕ್ಯಾಮೆರಾ ಇಟ್ಟ ಕೂಡಲೇ ಎಲ್ಲರಿಗೂ ಎಲ್ಲ ಗೊತ್ತಾಗಿಬಿಡುತ್ತದೆ. ಇಲ್ಲಿನ ನರಕ ಇರುವುದು ಅರ್ಧ ಕೇಳಿ, ಉಳಿದರ್ಧವನ್ನು ಕಲ್ಪಿಸಿಕೊಂಡು, ರಾತ್ರಿಯೆಲ್ಲ ನಿದ್ದೆಗೆಡುವುದರಲ್ಲಿ.

ಬೇರೆಯವರು ಏನು ಮಾಡಿದ್ದಾರೆ ಎಂಬುದನ್ನೂ ನೋಡಿ. 1976ರಲ್ಲಿ ಸ್ಪೇನಿನಲ್ಲೇ ಆಂಹೆಲ್ ಫಾಸಿಯೊ ಬೆರ್ನಾರ್ದಾಳ ಪಾತ್ರವನ್ನು ಗಂಡು ನಟನಿಗೆ ಕೊಟ್ಟ. ಸ್ಪೇನನ್ನು ಆಳಿದ ಸರ್ವಾಧಿಕಾರಿ ಫ್ರಾಂಕೊ ಸತ್ತು ಆಗಿನ್ನೂ ಸ್ವಲ್ಪ ಸಮಯವಾಗಿತ್ತು. ಆ ಹೊತ್ತಿಗೆ ಅದು ಸರಿಯಾದ ಏಟು, ಇವತ್ತು ಅದನ್ನೇ ಮಾಡಿದರೆ ಅಷ್ಟು ನಾಟುವುದಿಲ್ಲ. 2023ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ರೆಬೆಕಾ ಫ್ರೆಕ್ನಾಲ್ ಮನೆಯನ್ನು ಬೊಂಬೆಮನೆಯಂತೆ ಸೀಳಿ ಕೋಣೆಗಳನ್ನೆಲ್ಲ ಒಟ್ಟಿಗೆ ತೋರಿಸಿದರು. ಪೆಪೆಯನ್ನೂ ರಂಗದ ಮೇಲೆ ತಂದರು. ಹ್ಯಾರಿಯೆಟ್ ವಾಲ್ಟರ್ ಬೆರ್ನಾರ್ದಾ. ಧೈರ್ಯದ ಕೆಲಸವೇ. ಆದರೆ ಪೆಪೆಗೆ ಒಂದು ಮೈ ಕೊಟ್ಟ ಕೂಡಲೇ ಅವನು ಬರೀ ಒಬ್ಬ ಹುಡುಗನಾಗಿಬಿಡುತ್ತಾನೆ. ಕಾಣದಿದ್ದಾಗ ಐದು ಜನರ ತಲೆಯಲ್ಲಿ ಐದು ಪೆಪೆಗಳು ಇರುತ್ತಾರೆ. ಆ ಬಲವನ್ನು ನಾನಂತೂ ಬಿಟ್ಟುಕೊಡುವುದಿಲ್ಲ.

ನನಗೆ ಜಾಸ್ತಿ ಹತ್ತಿರವಾದದ್ದು ಸ್ಪೇನಿನ ಸೆವಿಲ್ಯಾ ನಗರದ ಪ್ರಯೋಗ. ಅಲ್ಲಿನ ಎಲ್ ವಾಸಿಯೆ ಗುಡಿಸಲು ಪ್ರದೇಶದ ಜಿಪ್ಸಿ ಹೆಂಗಸರಿಂದ ಪೆಪಾ ಗಂಬೊವಾ ಇದನ್ನು ಆಡಿಸಿದರು. ಹಲವರಿಗೆ ಓದು ಬರಹ ಬರುತ್ತಿರಲಿಲ್ಲ. ಓದು ಬರದವರಿಗೆ ಮಾತು ಕಿವಿಯಿಂದಲೇ ಒಳಗೆ ಇಳಿಯಬೇಕು. ಈ ನಾಟಕಕ್ಕೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ ಅನ್ನಿಸುತ್ತದೆ ನನಗೆ.

ಇನ್ನು ಊರಿನ ವಿಷಯ. ಲೋರ್ಕಾ ಹುಟ್ಟಿದ್ದು 1898ರಲ್ಲಿ, ಗ್ರನಾದಾ ಹತ್ತಿರದ ಫುವೆಂತೆ ವಾಕೆರೋಸ್‌ನಲ್ಲಿ. ಪಕ್ಕದ ಅಸ್ಕೆರೋಸಾ ಎಂಬ ಹಳ್ಳಿಯಲ್ಲೂ ಅವರ ಕುಟುಂಬ ಇತ್ತು. ಆ ಹಳ್ಳಿಗೆ ಈಗ ವಾಲ್ದೆರ್ರೂಬಿಯೊ ಎಂದು ಹೆಸರು. ಅಲ್ಲಿ ಫ್ರಾಸ್ಕಿತಾ ಆಲ್ಬಾ ಎಂಬ ಹೆಂಗಸಿನ ಮನೆ ಇತ್ತು. ಅವಳ ಮನೆಗೂ ಲೋರ್ಕಾನ ನೆಂಟರ ಮನೆಗೂ ನಡುವೆ ಒಂದು ಬಾವಿ. ಆ ಬತ್ತಿದ ಬಾವಿಗೆ ಇಳಿದು ಆಚೆ ಮನೆಯ ಬದುಕನ್ನು ಕದ್ದು ಗಮನಿಸುತ್ತಿದ್ದೆ ಎಂದು ಅವನೇ ಗೆಳೆಯನೊಬ್ಬನ ಹತ್ತಿರ ಹೇಳಿಕೊಂಡಿದ್ದ. ನಿಜವಾದ ಆ ಮನೆಯಲ್ಲಿ ಗಂಡಸರೂ ಇದ್ದರು. ನಾಟಕ ಬರೆಯುವಾಗ ಅವರನ್ನೆಲ್ಲ ಹೊರಗೆ ಹಾಕಿದ, ಬಾವಿಯನ್ನು ಮಾತ್ರ ಉಳಿಸಿಕೊಂಡ. ಇದು ಹೊಳೆಯಿಲ್ಲದ ಬಾವಿಗಳ ಊರು, ನೀರಿಗೆ ವಿಷ ಬಿದ್ದಿದೆಯೇನೋ ಎಂದು ಹೆದರಿಕೊಂಡೇ ಕುಡಿಯಬೇಕು ಎಂದು ಬೆರ್ನಾರ್ದಾ ಹೇಳುತ್ತಾಳೆ. ನೀವು ನಾಟಕವನ್ನು ಎಲ್ಲಿಗೇ ಒಯ್ಯಿರಿ, ಆ ಬಾವಿ, ಆ ಸೆಕೆ, ಆ ಬಾಯಾರಿಕೆ ಜೊತೆಗೆ ಬರಬೇಕು.

ಗೋವಿಂದ ನಿಹಲಾನಿ 1991ರಲ್ಲಿ ‘ರುಕ್ಮಾವತಿ ಕೀ ಹವೇಲಿ’ ಎಂಬ ಚಿತ್ರ ಮಾಡಿ ಇದನ್ನು ರಾಜಸ್ಥಾನಕ್ಕೆ ತಂದರು. ಮರುಭೂಮಿಯ ಬಿಸಿಲು, ಹವೇಲಿಯ ದಪ್ಪ ಗೋಡೆ, ಎಲ್ಲ ಅಲ್ಲಿ ಮೊದಲೇ ಇತ್ತು, ಹಾಗಾಗಿ ಒಪ್ಪಿತು. ನಿಮಗೆ ನನ್ನ ಸಲಹೆ ಸ್ಪೇನಿನಲ್ಲೇ ಬಿಡಿ ಎಂದು. ಹೆಸರು ಬದಲಿಸಿ, ಸೀರೆ ಉಡಿಸಿ, ಚರ್ಚಿನ ಗಂಟೆಯ ಜಾಗಕ್ಕೆ ಜಾಗಟೆ ಇಟ್ಟರೆ ಊರು ಬದಲಾಗುವುದಿಲ್ಲ. ಎಂಟು ವರ್ಷದ ಆ ಸೂತಕಕ್ಕೆ, ಆ ಪ್ರಾರ್ಥನೆಗೆ ಅಲ್ಲಿನದೇ ಬೇರು ಇದೆ.

ನೀವು ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಕನ್ನಡದ ಬಗ್ಗೆ. ಒಂದೇ ಉದಾಹರಣೆ ಕೊಡುತ್ತೇನೆ. ಸ್ಪ್ಯಾನಿಷ್‌ನಲ್ಲೂ ನಮ್ಮ ಹಾಗೇ ‘ನೀನು’, ‘ನೀವು’ ಎಂಬ ಎರಡು ಇದೆ. ಮಕ್ಕಳು ಬೆರ್ನಾರ್ದಾಳನ್ನು ‘ನೀವು’ ಎನ್ನುತ್ತಾರೆ. ಪೊನ್ಸಿಯಾ ಮಾತ್ರ ಕೆಲಸದವಳಾದರೂ ಅವಳನ್ನು ‘ನೀನು’ ಎಂದು, ಹೆಸರು ಹಿಡಿದು ಕರೆಯುತ್ತಾಳೆ. ಇಬ್ಬರಿಗೂ ಅರವತ್ತು, ಮೂವತ್ತು ವರ್ಷದಿಂದ ಒಂದೇ ಸೂರಿನಡಿ. ಅಭ್ಯಾಸಬಲದಿಂದ ನಾವು ಪೊನ್ಸಿಯಾಳ ಬಾಯಲ್ಲಿ ‘ಅಮ್ಮಾವ್ರೇ’ ಎಂದು ಹಾಕಿಬಿಡುತ್ತೇವೆ. ಹಾಕಿದ ಕೂಡಲೇ ಆ ಇಬ್ಬರು ಮುದುಕಿಯರ ನಡುವಿನ ಸಲಿಗೆ, ದ್ವೇಷ, ಒಬ್ಬರ ಗುಟ್ಟು ಒಬ್ಬರಿಗೆ ಗೊತ್ತಿರುವ ಆ ಬಿಗಿ ಎಲ್ಲ ಹೋಗುತ್ತದೆ. ಇನ್ನೊಂದಿದೆ. ಮೂಲದಲ್ಲಿ ಅಕ್ಕತಂಗಿಯರು ಒಬ್ಬರನ್ನೊಬ್ಬರು ಹೆಸರಿನಿಂದಲೇ ಕರೆಯುತ್ತಾರೆ. ಕನ್ನಡದಲ್ಲಿ ಇಪ್ಪತ್ತರ ಹುಡುಗಿ 39ರ ಅಕ್ಕನನ್ನು ಬರೀ ಹೆಸರು ಹಿಡಿದು ಕರೆದರೆ ಮೊದಲ ದೃಶ್ಯದಲ್ಲೇ ಅವಳು ಬಂಡಾಯ ಎದ್ದ ಹಾಗೆ ಕೇಳುತ್ತದೆ. ನಾನಾದರೆ ಅದೆಲಾ ಬಾಯಲ್ಲಿ ‘ಅಕ್ಕಾ’ ಎಂದೇ ಇಟ್ಟು, ಮೂರನೇ ಅಂಕದಲ್ಲಿ ಅಮ್ಮನ ಕೋಲು ಮುರಿದ ಮೇಲೆ ಒಂದೇ ಒಂದು ಸಲ ‘ಅಂಗುಸ್ತಿಯಾಸ್’ ಎಂದು ಕರೆಸುತ್ತೇನೆ. ಮೂಲದಲ್ಲಿ ಹೀಗಿಲ್ಲ. ಆದರೆ ನಮ್ಮ ಭಾಷೆ ಕೈಗೆ ಕೊಟ್ಟಿರುವುದನ್ನು ಯಾಕೆ ಬಿಡಬೇಕು?

ರಂಗಸಜ್ಜಿಕೆಗೆ ಬರೋಣ. ಲೋರ್ಕಾ ಮೊದಲ ಅಂಕಕ್ಕೆ ಅಚ್ಚಬಿಳಿ ಕೋಣೆ, ದಪ್ಪ ಗೋಡೆ ಎಂದು ಬರೆದ. ಕೊನೆಯ ಅಂಕದಲ್ಲಿ ಒಳಅಂಗಳದ ಬಿಳಿ ಗೋಡೆಗೆ ಸ್ವಲ್ಪ ನೀಲಿ ಛಾಯೆ. ಈ ಮೂರು ಅಂಕಗಳು ಫೋಟೊ ದಾಖಲೆಯ ಹಾಗೆ ಇರಬೇಕೆಂಬುದು ತನ್ನ ಉದ್ದೇಶ ಎಂದೂ ಮೊದಲೇ ಹೇಳಿಟ್ಟ. ಹೀಗಾಗಿ ಎಲ್ಲರೂ ಕಪ್ಪು-ಬಿಳುಪಿನ ಹಿಂದೆ ಬೀಳುತ್ತಾರೆ. ಬೀಳಲಿ, ತಪ್ಪಲ್ಲ. ಕಪ್ಪು ಬಟ್ಟೆಗಳ ನಡುವೆ ಅದೆಲಾ ಹಸಿರು ಬಟ್ಟೆ ಉಟ್ಟಿದ್ದು ಸಾಕು ಕಣ್ಣಿಗೆ. ನೀವು ದುಡ್ಡು, ಸಮಯ ಹಾಕಬೇಕಾದದ್ದು ಗೋಡೆಯ ಹಿಂದೆ.

ಇದು ನನ್ನ ಅನುಭವದ ಪಾಠ. ಹಿಂದೊಮ್ಮೆ ಈ ನಾಟಕ ಮಾಡಿಸಿದಾಗ ಕುದುರೆ ಒದೆತವನ್ನು ರೆಕಾರ್ಡ್ ಮಾಡಿ ಸ್ಪೀಕರಿನಿಂದ ಬಿಟ್ಟೆ. ತಾಲೀಮಿನಲ್ಲಿ ಭಯಂಕರ ಕೇಳಿಸಿತು. ಪ್ರಯೋಗದ ದಿನ ಸದ್ದು ಬಂದಾಗ ಮುಂದಿನ ಸಾಲಿನವರು ತಲೆಯೆತ್ತಿ ಸ್ಪೀಕರಿನ ಕಡೆ ನೋಡಿದರು. ಗೋಡೆಯ ಕಡೆ ಒಬ್ಬರೂ ನೋಡಲಿಲ್ಲ. ಅಲ್ಲಿಗೆ ದೃಶ್ಯ ಸತ್ತುಹೋಯಿತು. ಮುಂದಿನ ಪ್ರಯೋಗಕ್ಕೆ ಹಿಂಬದಿಯಲ್ಲಿ ದಪ್ಪ ಹಲಗೆ ನಿಲ್ಲಿಸಿ, ಒನಕೆಯ ತುದಿಗೆ ಗೋಣಿ ಸುತ್ತಿ, ಒಬ್ಬ ಗಟ್ಟಿಮುಟ್ಟಾದ ಹುಡುಗನನ್ನು ನಿಲ್ಲಿಸಿದೆ. ಊಟದ ಮೇಜನ್ನು ಆ ಹಲಗೆಗೆ ತಾಗಿಸಿ ಇಟ್ಟೆ. ಅವನು ಒಂದು ಗುದ್ದು ಕೊಟ್ಟ. ಮೇಜಿನ ಮೇಲಿನ ಪಿಂಗಾಣಿ ತಟ್ಟೆಗಳು ಕಟಕಟ ಎಂದವು, ಲೋಟದ ನೀರು ನಡುಗಿತು. ಐದೂ ಹುಡುಗಿಯರ ಚಮಚ ಒಟ್ಟಿಗೆ ನಿಂತಿತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ತಾನಾಗಿ ಆಯಿತು. ಬೆರ್ನಾರ್ದಾ ಮಾತ್ರ ಊಟಕ್ಕೆ ಬಂದ ನೆರೆಯವಳ ಜೊತೆ ಹೆಣ್ಣು ಕುದುರೆಗಳನ್ನು ಬೆಳಗ್ಗೆ ಅದರ ಹತ್ತಿರ ಬಿಡುವ ಲೆಕ್ಕ ಮಾತಾಡುತ್ತಿದ್ದಾಳೆ. ಕುದುರೆಗೆ ಏನು ಬೇಕು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಅದೇ ಮೇಜಿನಲ್ಲಿ ಕೂತ ಮಕ್ಕಳಿಗೆ ಏನು ಬೇಕು ಎಂದು ಗೊತ್ತಿಲ್ಲ. ಆ ತಟ್ಟೆಗಳ ಸದ್ದಿನಿಂದಲೇ ಅದು ಜನಕ್ಕೆ ಅರ್ಥವಾಯಿತು.

ಆದ್ದರಿಂದ ನಿಯಮ ಒಂದೇ. ಸದ್ದು ಯಾವುದೇ ಇರಲಿ, ಮನುಷ್ಯರು ಮಾಡಬೇಕು, ಒಂದು ಜಾಗದಿಂದ ಬರಬೇಕು.

ಮೊದಲ ಅಂಕದಲ್ಲಿ ಸಾವಿನ ಮನೆಗೆ ಇನ್ನೂರು ಹೆಂಗಸರು ಬರುತ್ತಾರೆ ಎಂದು ಲೋರ್ಕಾ ಬರೆದಿದ್ದಾನೆ. ಇನ್ನೂರು! ನಿಮ್ಮ ಹತ್ತಿರ ಹನ್ನೊಂದು ಜನ. ಹೆದರಬೇಡಿ. ನಾಲ್ಕು ಜನರನ್ನು ಒಳಗೆ ತನ್ನಿ. ಊರಿನ ಪರಿಚಯದ ಹೆಂಗಸರು ಇಪ್ಪತ್ತು ಜನರನ್ನು ಸಭಾಂಗಣದ ಕೊನೆಯ ಬಾಗಿಲ ಬಳಿ ನಿಲ್ಲಿಸಿ, ಪ್ರಾರ್ಥನೆಗೆ ದನಿಗೂಡಿಸಲಿ, ಬೀಸಣಿಗೆ ಬಡಿಯಲಿ. ಪ್ರೇಕ್ಷಕರಿಗೆ ಬೆನ್ನ ಹಿಂದೆ ಊರು ನಿಂತಿದೆ ಅನ್ನಿಸಬೇಕು. ಆ ಅನ್ನಿಸಿಕೆ ಕೊನೆಯವರೆಗೂ ಹೋಗಬಾರದು.

ಎರಡನೇ ಅಂಕದ ಕೊಯ್ಲಿನವರ ಹಾಡು ನನಗೆ ಇಡೀ ನಾಟಕದ ಅತಿ ಚಂದದ ಜಾಗ. ಮಧ್ಯಾಹ್ನದ ಉರಿಬಿಸಿಲು. ಬೆಟ್ಟದ ಕಡೆಯಿಂದ ನಲವತ್ತೈವತ್ತು ಗಂಡಸರು ಕೂಲಿಗೆ ಬಂದಿದ್ದಾರೆ. ದೂರದಿಂದ ತಮಟೆಯ ಬಡಿತ, ಹಾಡು. ಬಾಗಿಲು ಕಿಟಕಿ ತೆರೆಯಿರಿ ಎಂದು ಕೇಳುವ ಹಾಡು, ಅದೂ ಬಾಗಿಲು ಕಿಟಕಿ ಮುಚ್ಚಿಕೊಂಡ ಮನೆಗೆ. ನಾಲ್ಕು ಹುಡುಗರು ಸಾಕು. ಸಭಾಂಗಣದ ಹೊರಗೆ, ನಿಜವಾಗಿ ಹೊರಗೆ, ಎಡದಿಂದ ಬಲಕ್ಕೆ ಗೋಡೆ ಸುತ್ತಿ ನಡೆದುಕೊಂಡು ಹಾಡುತ್ತಾ ಹೋಗಲಿ. ಒಳಗೆ ಹುಡುಗಿಯರು ಏನೂ ಮಾಡುವುದು ಬೇಡ. ಹೊಲಿಗೆ ಕೈಯಲ್ಲಿರಲಿ. ಸದ್ದು ಸರಿದ ಕಡೆಗೆ ಎಲ್ಲರ ಕುತ್ತಿಗೆ ನಿಧಾನ ತಿರುಗಲಿ, ಅಷ್ಟೇ. ಅಭಿನಯ ಹೇಳಿಕೊಡಬೇಡಿ. ‘ಹಾಡು ಈಗ ಎಲ್ಲಿದೆ’ ಎಂದು ಮಾತ್ರ ಕೇಳುತ್ತಿರಿ.

ಅದೇ ಅಂಕದ ಕೊನೆಗೆ ಬೀದಿಯಲ್ಲಿ ಗದ್ದಲ. ಮದುವೆಯಾಗದ ಹುಡುಗಿಯೊಬ್ಬಳು ಮಗುವನ್ನು ಹೆತ್ತು, ಕೊಂದು, ಕಲ್ಲಿನಡಿ ಮುಚ್ಚಿಟ್ಟಿದ್ದಳು. ನಾಯಿಗಳು ಎಳೆದು ಹೊರಗೆ ಹಾಕಿವೆ. ಜನ ಅವಳನ್ನು ಎಳೆದಾಡುತ್ತಿದ್ದಾರೆ. ಪೊಲೀಸರು ಬರುವ ಮೊದಲೇ ಮುಗಿಸಿಬಿಡಿ ಎಂದು ಬೆರ್ನಾರ್ದಾ ಬಾಗಿಲಲ್ಲಿ ನಿಂತು ಕೂಗುತ್ತಾಳೆ. ಅದೆಲಾ ತನ್ನ ಹೊಟ್ಟೆ ಹಿಡಿದುಕೊಂಡು ‘ಬೇಡ, ಬೇಡ’ ಎನ್ನುತ್ತಾಳೆ. ಇಲ್ಲಿ ಗದ್ದಲವನ್ನು ಜಾಸ್ತಿ ಮಾಡಬೇಡಿ. ಅದೆಲಾಳ ಮಾತು ಅದರಲ್ಲಿ ಮುಳುಗಬಾರದು.

ಈಗ ಬೆರ್ನಾರ್ದಾ. ಈ ಪಾತ್ರ ಸಿಕ್ಕಿದವರೆಲ್ಲ ಕಿರುಚುತ್ತಾರೆ. ಕೋಲು ಕುಟ್ಟಿ, ಕಣ್ಣು ಕೆಂಪು ಮಾಡಿ, ಒಂದೇ ಮಟ್ಟದಲ್ಲಿ ಮೂರು ಅಂಕ. ದಯವಿಟ್ಟು ಬೇಡ. ಕೊನೆಯ ದೃಶ್ಯದ ಒಂದು ರಂಗಸೂಚನೆ ನಿಮ್ಮ ನಟಿಗೆ ದಾರಿ ತೋರಿಸುತ್ತದೆ. ಅದೆಲಾ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಒಳಗಿನಿಂದ ಧಪ್ ಎಂಬ ಸದ್ದು ಬಂದಿದೆ. ಬೆರ್ನಾರ್ದಾ ತೆಗಿ ಎಂದು ಕೂಗುತ್ತಾಳೆ. ಅಷ್ಟರಲ್ಲಿ ಕೆಲಸದವಳು ಬಂದು, ನೆರೆಯವರು ಎದ್ದಿದ್ದಾರೆ ಎನ್ನುತ್ತಾಳೆ. ಮುಂದಿನ ಮಾತಿಗೆ ಲೋರ್ಕಾ ಬರೆದ ಸೂಚನೆ: ತಗ್ಗಿದ ದನಿಯಲ್ಲಿ, ಘರ್ಜನೆಯ ಹಾಗೆ. ನೋಡಿ, ಮಗಳು ಬಾಗಿಲ ಆಚೆ ನೇತಾಡುತ್ತಿದ್ದಾಳೆ, ಅಮ್ಮ ದನಿ ತಗ್ಗಿಸುತ್ತಾಳೆ, ಯಾಕೆಂದರೆ ಪಕ್ಕದ ಮನೆಗೆ ಕೇಳಿಸುತ್ತದೆ. ಬೆರ್ನಾರ್ದಾ ಇಷ್ಟೇ. ಈ ಒಂದು ಮಾತಿನಿಂದ ಹಿಂದಕ್ಕೆ ಹೋಗುತ್ತಾ ಇಡೀ ಪಾತ್ರ ಕಟ್ಟಿ. ಅವಳು ಗದರುವಾಗಲೂ ಒಂದು ಕಿವಿ ಬೀದಿಯ ಕಡೆ ಇರಬೇಕು. ಊರಿನವರ ಮನೆಯ ಸುದ್ದಿಯನ್ನು ಪೊನ್ಸಿಯಾಳಿಂದ ಕೇಳಿ ಕೇಳಿ ಕೂಡಿಟ್ಟುಕೊಳ್ಳುವ ಹೆಂಗಸು, ಅದೇ ಪೊನ್ಸಿಯಾ ನಿನ್ನ ಮನೆಯಲ್ಲೇ ಏನೋ ನಡೆಯುತ್ತಿದೆ ಎಂದರೆ ಕೇಳುವುದಿಲ್ಲ. ದುರಂತ ಅಲ್ಲಿದೆ. ಒಬ್ಬ ದುಷ್ಟ ಅಮ್ಮನ ಕತೆ ಮಾಡಿದರೆ ಅದು ದುರಂತವಾಗುವುದಿಲ್ಲ.

ಅದೆಲಾ ಕೋಲು ಕಿತ್ತು ಮುರಿಯುವಾಗ ಜೈಲಿನ ದನಿಗಳು ಇಲ್ಲಿಗೆ ಮುಗಿದವು ಎನ್ನುತ್ತಾಳೆ. ದನಿಗಳು, ಗಮನಿಸಿ. ಅವಳಿಗೂ ಜೈಲು ಅಂದರೆ ಸದ್ದೇ.

ಆ ಕೊನೆಯ ಧಪ್ ಅನ್ನುವುದರ ಬಗ್ಗೆ ಒಂದು ಮಾತು. ಇದಕ್ಕೆ ಜಾಸ್ತಿ ದಿನ ಇಡಿ. ಹೊರಗೆ ಬೆರ್ನಾರ್ದಾ ಹಾರಿಸಿದ ಕೋವಿಯ ಗುಂಡು ಕೇಳಿದೆ, ಪೆಪೆ ಮುಗಿದ ಎಂದು ಮಾರ್ತೀರಿಯೊ ಸುಳ್ಳು ಹೇಳಿದ್ದಾಳೆ, ಅದೆಲಾ ಓಡಿದ್ದಾಳೆ. ನಿಜಕ್ಕೂ ಅವನು ಕುದುರೆ ಹತ್ತಿ ಪಾರಾಗಿದ್ದಾನೆ. ಆಮೇಲೆ ಈ ಸದ್ದು. ಅದು ಗುಂಡಿನಷ್ಟು ಜೋರಾಗಬಾರದು, ಕುದುರೆಯ ಒದೆತಕ್ಕಿಂತ ಸಣ್ಣದಿರಬೇಕು, ಆದರೂ ಕೊನೆಯ ಸಾಲಿನವರ ಎದೆಗೆ ತಾಗಬೇಕು. ಮರದ ಸ್ಟೂಲು ಮಣ್ಣಿನ ನೆಲಕ್ಕೆ ಉರುಳಿದರೆ ಹೇಗೆ ಕೇಳುತ್ತದೋ ಹಾಗೆ. ಮರಳು ತುಂಬಿದ ಚೀಲ, ಖಾಲಿ ಪೆಟ್ಟಿಗೆ, ಹಳೇ ಸ್ಟೂಲು, ಎಲ್ಲ ಪ್ರಯತ್ನಿಸಿ. ಗೊತ್ತಿಲ್ಲದ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ ಏನಾಯಿತು ಎಂದು ಕೇಳಿ. ‘ಯಾರೋ ಬಿದ್ದರು’ ಎಂದರೆ ಇನ್ನೂ ಸರಿಯಾಗಿಲ್ಲ. ಅವರು ಉತ್ತರ ಹೇಳದೆ ನಿಮ್ಮ ಮುಖ ನೋಡಿದರೆ ಸರಿಯಾಗಿದೆ.

ಲೋರ್ಕಾ ಇದನ್ನು ರಂಗದ ಮೇಲೆ ಕೇಳಲೇ ಇಲ್ಲ ಎಂಬುದು ತಾಲೀಮಿನಲ್ಲಿ ನನಗೆ ಪ್ರತಿ ಸಲ ನೆನಪಾಗುತ್ತದೆ. 1936ರ ಜೂನ್ 19ಕ್ಕೆ ಬರೆದು ಮುಗಿಸಿದ. ಗೆಳೆಯರಿಗೆ ಓದಿ ಹೇಳಿದ. ಜುಲೈನಲ್ಲಿ ಫ್ರಾಂಕೊ ಕಡೆಯ ಸೇನಾ ದಂಗೆ ಶುರುವಾಯಿತು, ಆಗಸ್ಟಿನಲ್ಲಿ ಗ್ರನಾದಾ ಹತ್ತಿರ ಅವನನ್ನು ಗುಂಡಿಕ್ಕಿ ಕೊಂದರು. 38 ವರ್ಷ. ಮೊದಲ ಪ್ರಯೋಗ ಆಗಿದ್ದು 1945ರ ಮಾರ್ಚ್ 8ರಂದು, ಕಡಲಾಚೆಯ ಬ್ಯೂನಸ್ ಐರಿಸ್‌ನಲ್ಲಿ. ದೇಶ ಬಿಟ್ಟು ಹೋಗಿದ್ದ ಸ್ಪೇನಿನ ನಟಿ ಮಾರ್ಗರೀತಾ ಶಿರ್ಗು ಅದನ್ನು ಅಲ್ಲಿ ಆಡಿಸಿ, ತಾನೇ ಬೆರ್ನಾರ್ದಾ ಆದಳು. ಸ್ಪೇನಿನ ವೃತ್ತಿರಂಗಭೂಮಿಗೆ ಬರಲು 1964 ಆಗಬೇಕಾಯಿತು. ಆ ನಾಡು ಅಷ್ಟು ವರ್ಷ ಸುಮ್ಮನಿರಬೇಕಾಗಿತ್ತು. ಇದನ್ನು ನಾಟಕದಲ್ಲಿ ಪ್ರತ್ಯೇಕವಾಗಿ ತೋರಿಸುವುದು ಬೇಡ, ಫ್ರಾಂಕೊನ ಫೋಟೊ ಗೋಡೆಗೆ ಹಾಕಬೇಡಿ. ನಟಿಯರಿಗೆ ಗೊತ್ತಿದ್ದರೆ ಸಾಕು.

ಮೊದಲ ವಾರ ಬ್ಲಾಕಿಂಗ್, ಅಂದರೆ ಯಾರು ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಎಂದು ಗೊತ್ತು ಮಾಡುವ ಕೆಲಸ, ಮಾಡಬೇಡಿ. ದೀಪ ಆರಿಸಿ, ಹನ್ನೊಂದೂ ಜನರನ್ನು ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ಕತ್ತಲಲ್ಲಿ ಮಾತು ಹೇಳಿಸಿ. ಯಾರು ಎಲ್ಲಿದ್ದಾರೆ ಎಂಬುದು ದನಿಯಿಂದಲೇ ಗೊತ್ತಾಗಲಿ.

ಇನ್ನು ಕೊನೆ. ಮಗಳು ಕನ್ಯೆಯಾಗಿಯೇ ಸತ್ತಳು, ಬೆಳಗಿನ ಜಾವ ಎರಡು ಸಲ ಗಂಟೆ ಬಾರಿಸಲಿ ಎಂದು ಬೆರ್ನಾರ್ದಾ ಹೇಳಿ, ಅಳುವವರನ್ನು ಗದರಿಸಿ, ನನ್ನ ಮಾತು ಕೇಳಿಸಿತಾ ಎಂದು ಕೇಳುತ್ತಾಳೆ. ಆಮೇಲೆ ‘ಸುಮ್ಮನಿರಿ’. ಇಲ್ಲಿ ಗಂಟೆ ಬಾರಿಸೋಣ ಎಂದು ನಿಮ್ಮ ಸಂಗೀತದವರು ಹೇಳಿಯೇ ಹೇಳುತ್ತಾರೆ, ಶುರುವಿಗೆ ಗಂಟೆ ಇತ್ತಲ್ಲ, ಕೊನೆಗೂ ಇದ್ದರೆ ಚಂದ ಎಂದು. ಒಪ್ಪಬೇಡಿ. ಗಂಟೆಯೂ ಬೇಡ, ಪಿಟೀಲೂ ಬೇಡ, ಲೈಟನ್ನು ತಟ್ಟನೆ ಆರಿಸುವುದೂ ಬೇಡ. ಕೊನೆಯ ‘ಸುಮ್ಮನಿರಿ’ ಬೀಳಲಿ, ಬೆಳಕು ಹಾಗೇ ಇರಲಿ, ಯಾರೂ ಅಲುಗಾಡದಿರಲಿ. ಹತ್ತು ಸೆಕೆಂಡಿಗೆ ಯಾರೋ ಕೆಮ್ಮುತ್ತಾರೆ. ಹದಿನೈದಕ್ಕೆ ಒಂದು ಕುರ್ಚಿ ಕಿರ್ ಎನ್ನುತ್ತದೆ. ಆ ಸದ್ದಿಗೆ ಬೆರ್ನಾರ್ದಾ ತಲೆಯೆತ್ತಿ, ಆ ಕುರ್ಚಿಯ ಕಡೆಗೆ ನೋಡಲಿ. ಆಮೇಲೆ ದೀಪ ಆರಿಸಿ.